ಅಂಜಿನಮ್ಮ ಬಡಿಸಿದ ಹಿಟ್ಟು

ತೂಬಗೆರೆಯ ಮಗ್ಗುಲ ಹಳ್ಳಿಗೆ ಹದಿನಾಲ್ಕನೆಯ ವಯಸ್ಸಿಗೆ ಸೊಸೆಯಾಗಿ ಬಂದ ಅಂಜಿನಮ್ಮನಿಗೆ ಗಂಡನ ಮುಖಕ್ಕಿಂತ ಮೊದಲು ಪರಿಚಯವಾದದ್ದು ಅವನ ಕೈ. ಮದುವೆಯಾದ ಮೂರನೆಯ ದಿನ ಮುದ್ದೆಯಲ್ಲಿ ಹಸಿಹಿಟ್ಟಿನ ಒಂದು ಗಂಟು ಸಿಕ್ಕಿತು. ಗಂಡ ವೆಂಕಟರಾಯಪ್ಪ ಅದನ್ನು ಬೆರಳಲ್ಲಿ ಒಡೆದು ನೋಡಿದ, ಬಿಸಿ ಮುದ್ದೆಯನ್ನು ಹಾಗೇ ಎತ್ತಿ ಅವಳ ಕೆನ್ನೆಗೆ ಅಪ್ಪಳಿಸಿದ. ಅಂಟಿದ ಹಿಟ್ಟು ಚರ್ಮದ ಜೊತೆಗೇ ಕಿತ್ತು ಬಂತು.

ಆ ಮನೆಯಲ್ಲಿ ಬೇಯುತ್ತಿದ್ದುದು ಊರಿನ ಎಲ್ಲ ಮನೆಗಳಲ್ಲೂ ಬೇಯುವಂಥದೇ. ಹಿಟ್ಟು ಎಂದೇ ಕರೆಯುವ ರಾಗಿ ಮುದ್ದೆ, ಹುರುಳಿಕಾಳು, ಹೊಲದ ಬದುವಿನ ಸೊಪ್ಪು. ಕಾಳನ್ನೂ ಸೊಪ್ಪನ್ನೂ ಉಪ್ಪು ಹಾಕಿ ಬೇಯಿಸಿ ಬಸಿದು, ಆ ಬಸಿದ ನೀರಿಗೆ ಸುಟ್ಟ ಮೆಣಸಿನಕಾಯಿ, ಬೆಳ್ಳುಳ್ಳಿ, ಹುಣಸೆಹಣ್ಣು ಅರೆದು ಕದಡಿದರೆ ಉಪ್ಪುಸಾರು. ಅಂಜಿನಮ್ಮನ ಉಪ್ಪುಸಾರಿನ ಘಮಕ್ಕೆ ದಾರಿಹೋಕರು ಜಗಲಿಯ ಹತ್ತಿರ ಹೆಜ್ಜೆ ನಿಧಾನ ಮಾಡುತ್ತಿದ್ದರು. ಒಳಗೆ ಮಾತ್ರ ಪ್ರತಿ ಊಟವೂ ಒಂದು ವಿಚಾರಣೆ. ಉಪ್ಪು ಮುಂದಾದರೆ ಒದೆ, ಹಿಂದಾದರೆ ಒದೆ. ಮೊದಲ ಬಸುರು ನಿಲ್ಲಲಿಲ್ಲ, ಎರಡನೆಯದು ಅಂಥದೊಂದು ಒದೆಗೇ ಇಳಿದುಹೋಯಿತು. ಅತ್ತೆ ಅಮ್ಮಯಮ್ಮ ಬಿಡಿಸಲು ಬರುತ್ತಿರಲಿಲ್ಲ. ಎಷ್ಟೋ ಸಲ ಮಗ ತುತ್ತು ಎತ್ತುವ ಮೊದಲೇ, "ಇವತ್ತು ಉಪ್ಪು ಹಾಕೋದೇ ಮರ್ತವ್ಳೆ ಕಣಪ್ಪ" ಎಂದು ಹಚ್ಚಿಕೊಡುತ್ತಿದ್ದವಳು ಅವಳೇ.

ಸಾವಿರದ ಒಂಬೈನೂರ ನಲವತ್ತಮೂರರಲ್ಲಿ ಸರ್ಕಾರಕ್ಕೆ ಕೊಡಬೇಕಾದ ಯುದ್ಧದ ಲೆವಿ ದವಸ ಎಂದು ಅಮಲ್ದಾರರ ಕಡೆಯವರು ಬಂದು ನೆಲದಡಿಯ ಹಗೇವಿನ ರಾಗಿಯನ್ನು ಅಳೆದುಕೊಂಡು ಹೋದರು. ಅವರ ಮುಂದೆ ವೆಂಕಟರಾಯಪ್ಪ ಕೈಕಟ್ಟಿ ನಿಂತಿದ್ದ. ಅವರ ಗಾಡಿ ಊರು ದಾಟಿದ ಮೇಲೆ ಒಳಗೆ ಬಂದ. ತಣಿಗೆಯಲ್ಲಿ ಹಿಟ್ಟು ಅರ್ಧ, ಸೊಪ್ಪು ಅರ್ಧ ಇತ್ತು.

"ನಾನೇನು ದನವಾ? ಹುಲ್ಲು ಇಕ್ತೀಯಾ?"

"ಇರೋದೇ ಇಷ್ಟು. ನೀವೇ ಅಳ್ದು ಕೊಟ್ರಲ್ಲ."

ಆ ಮಾತಿಗೆ ಅವನು ಒಲೆಯ ಪಕ್ಕದಿಂದ ಮುದ್ದೆ ತೊಳಸುವ ಹಿಟ್ಟಿನ ಕೋಲು ತೆಗೆದುಕೊಂಡ. ತಲೆಗೆ ಬಂದ ಪೆಟ್ಟನ್ನು ಅವಳು ಎಡಗೈಯಲ್ಲಿ ತಡೆದಳು. ಮಣಿಕಟ್ಟಿನ ಮೂಳೆ ಹಸಿ ಕಡ್ಡಿ ಮುರಿದ ಹಾಗೆ ಸದ್ದು ಮಾಡಿತು. ನಾಟಿ ವೈದ್ಯ ಬಿದಿರ ದಬ್ಬೆ ಕಟ್ಟಿದ, ಕೈ ಸೊಟ್ಟಗೇ ಕೂಡಿತು.

ಕೈ ಮುರಿದರೂ ಮನೆಯವರಿಗೆ ಹಸಿವು ನಿಲ್ಲಲಿಲ್ಲ. ಅಮ್ಮಯಮ್ಮ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು ಒಂದೇ ಕೈಯಲ್ಲಿ ಹಿಟ್ಟು ತೊಳಸುವುದು ಹೇಗೆಂದು ತೋರಿಸಿದಳು. ಮಡಕೆಯ ಕಂಠಕ್ಕೆ ಕವೆಗೋಲು ಕೊಟ್ಟು, ಅದರ ಎರಡು ತುದಿಯನ್ನೂ ಪಾದದಡಿ ಅದುಮಿ, ಮೈಯ ಭಾರವನ್ನೆಲ್ಲ ಬಲಭುಜಕ್ಕೆ ತರಬೇಕು.

"ನಿಮಗೆ ಹೆಂಗೆ ಗೊತ್ತು?" ಎಂದಳು ಅಂಜಿನಮ್ಮ.

ಮುದುಕಿ ತನ್ನ ಎಡಗೈ ಮುಂದೆ ಹಿಡಿದಳು. ಅದರಲ್ಲಿ ಎರಡು ಬೆರಳು ಮಡಚುತ್ತಿರಲಿಲ್ಲ. "ನಿಮ್ಮಾವ," ಎಂದಳು. ಅಷ್ಟೇ. ಆವತ್ತಿನಿಂದ ಮಗನಿಗೆ ಚಾಡಿ ಹೇಳುವುದು ಮಾತ್ರ ನಿಂತಿತು.

ಮಾರನೆಯ ವರ್ಷ ಒಂದು ಮಧ್ಯಾಹ್ನ ವೆಂಕಟರಾಯಪ್ಪ ಹೆಂಡ ಕುಡಿದು ಬಂದ. ಕೋಳಿ ಯಾಕೆ ಕುಯ್ದಿಲ್ಲ ಎಂದ. ಮನೆಯಲ್ಲಿ ಕೋಳಿಯೇ ಇರಲಿಲ್ಲ. ಒಲೆಯ ಮೇಲೆ ಹುರುಳಿಸಾರು ಕೊತಕೊತ ಕುದಿಯುತ್ತಿತ್ತು. ಅವನು ಕಾಲೆತ್ತಿ ಮಡಕೆಗೆ ಒದ್ದ. ಅದು ಹಾರಿ ಬಿದ್ದದ್ದು ಗೋಡೆಗೆ ಒರಗಿ ಸೊಪ್ಪು ಸೋಸುತ್ತಿದ್ದ ಅಮ್ಮಯಮ್ಮನ ತೊಡೆಯ ಮೇಲೆ. ಮುದುಕಿ ಕೂಗಿದ ಕೂಗಿಗೆ ಹಟ್ಟಿಯ ಎತ್ತು ಹಗ್ಗ ಜಗ್ಗಿತು.

ಅವನು ತಾಯಿಯ ಕಡೆ ತಿರುಗಿಯೂ ನೋಡದೆ ಹೆಂಡತಿಯ ಜುಟ್ಟಿಗೆ ಕೈ ಹಾಕಿದ. ಅಂಜಿನಮ್ಮನ ಬಲಗೈಯಲ್ಲಿ ಹಿಟ್ಟಿನ ಕೋಲಿತ್ತು. ಒಂದು ವರ್ಷದಿಂದ ಎರಡು ಕೈಯ ಕೆಲಸವನ್ನು ತಾನೊಂದೇ ಮಾಡಿದ ಭುಜ ಅದು. ಮೊದಲ ಏಟು ಮೊಣಕಾಲ ಚಿಪ್ಪಿಗೆ ಬಿತ್ತು. ಅವನು ಕುಸಿದ. ಎರಡನೆಯದು ಅದೇ ಜಾಗಕ್ಕೆ. ಅವನು "ಅಮ್ಮಾ" ಎಂದು ಕಿರುಚಿದ, ಅವಳು ನಿಲ್ಲಿಸಲಿಲ್ಲ. ಒಳಗಿನಿಂದ ಏನೋ ಉಕ್ಕಿ ಬರುತ್ತಿತ್ತು, ಅದು ಸಿಟ್ಟೋ ಸಂತೋಷವೋ ಅವಳಿಗೇ ತಿಳಿಯದೆ ಭಯವಾಯಿತು. ಕೊನೆಗೆ ಮೂಲೆಯಿಂದ ಅಮ್ಮಯಮ್ಮನ ದನಿ ಬಂತು: "ಸಾಕು ಬಿಡೇ. ಸತ್ರೆ ನಿನ್ನ ಹಿಡ್ಕೊಂಡು ಹೋಗ್ತಾರೆ."

ಪಂಚಾಯ್ತಿ ಸೇರಿತು. ಊರ ಯಜಮಾನ ದೊಡ್ಡಬೀರಪ್ಪ, "ಒಂದು ಕಾಲು ಮುರ್ದಿದ್ದೀಯ, ಇನ್ನೊಂದು ಕಾಲು ಹಿಡ್ಕೊಂಡು ತಪ್ಪಾಯ್ತು ಅನ್ನಮ್ಮ, ಮುಗೀಲಿ" ಎಂದ. ಅಂಜಿನಮ್ಮ ನೆಲ ನೋಡುತ್ತ ನಿಂತಳು. ಮಂಚದ ಸಮೇತ ಹೊತ್ತು ತಂದಿದ್ದ ಅಮ್ಮಯಮ್ಮ ಅಷ್ಟು ಗಂಡಸರ ಮುಂದೆ ಸೀರೆ ಸರಿಸಿ, ಸುಲಿದು ಕೀವಾಡುತ್ತಿದ್ದ ತೊಡೆ ತೋರಿಸಿದಳು.

"ಮೊದ್ಲು ನನ್ನ ಕಾಲು ನೋಡ್ರಪ್ಪ. ಇದ್ಯಾರು ಹಿಡ್ಕೊಳ್ಳೋದು?"

ಪಂಚಾಯ್ತಿಗೆ ಬಂದವರು ಒಬ್ಬೊಬ್ಬರಾಗಿ ಟವಲ್ಲು ಕೊಡವಿಕೊಂಡು ಎದ್ದರು.

ಮುದುಕಿ ಉಳಿದದ್ದು ಹತ್ತೊಂಬತ್ತು ದಿನ. ಜ್ವರದಲ್ಲಿ ಬೇರೇನೂ ಸೇರುತ್ತಿರಲಿಲ್ಲ. ಅಂಜಿನಮ್ಮ ಹಿಟ್ಟನ್ನು ಮೆತ್ತಗೆ ಬೇಯಿಸಿ, ನೆಲ್ಲಿಕಾಯಿ ಗಾತ್ರದ ಉಂಡೆ ಮಾಡಿ, ಉಪ್ಪುಸಾರಿನಲ್ಲಿ ಅದ್ದಿ ನಾಲಿಗೆಯ ಮೇಲಿಡುತ್ತಿದ್ದಳು. ಅಗಿಯದೆ ನುಂಗುವ ಊಟ. "ಇನ್ನೊಂದು," ಎನ್ನುತ್ತಿದ್ದಳು ಮುದುಕಿ. ಹತ್ತೊಂಬತ್ತನೆಯ ದಿನ ಇನ್ನೊಂದು ಎನ್ನಲಿಲ್ಲ.

ತಿಥಿ ಮುಗಿದ ಬೆಳಗ್ಗೆ ಅಂಜಿನಮ್ಮ ಉಟ್ಟ ಸೀರೆಯಲ್ಲೇ ಮಾಕಳಿದುರ್ಗದ ಕಡೆ ನಡೆದಳು. ಅಲ್ಲಿ ಅವಳ ಸೋದರಮಾವ ಮುನಿಸ್ವಾಮಿ ರೈಲು ಕಂಬಿ ನೋಡಿಕೊಳ್ಳುವ ಗ್ಯಾಂಗಿಗೆ ಮೇಸ್ತ್ರಿ. ಬೆಟ್ಟದ ಬುಡದಲ್ಲಿ ಜಲ್ಲಿ ಹೊಡೆಯುವ ಹನ್ನೊಂದು ಜನಕ್ಕೆ ಅವಳು ಅಡಿಗೆಯವಳಾದಳು. ಮೊದಲ ದಿನ ಎಲ್ಲರಿಗೂ ಬಡಿಸಿ ದೂರ ನಿಂತಿದ್ದವಳನ್ನು ಮಾವ ಕರೆದ. "ಆರೋಗ್ತದೆ, ಕೂತ್ಕೊ." ಮದುವೆಯಾದ ಮೇಲೆ ಅವಳು ಬಿಸಿ ಮುದ್ದೆ ತಿಂದದ್ದು ಅದೇ ಮೊದಲು. ಬಾಯಿ ಸುಟ್ಟುಕೊಂಡಳು.

ನಲವತ್ತೈದರ ಬೇಸಗೆಯಲ್ಲಿ ವೆಂಕಟರಾಯಪ್ಪ ಕುಂಟುತ್ತ ಬಂದ. ಪಂಚೆಯೊಳಗೆ ಮಚ್ಚಿತ್ತು. ಆಳುಗಳು ಊಟಕ್ಕೆ ಕೂತಿದ್ದರು, ಅವಳು ಬಗ್ಗಿ ಸಾರು ಬಿಡುತ್ತಿದ್ದಳು. ಕುತ್ತಿಗೆಗೆ ಬೀಸಿದ್ದು ಬೆನ್ನಿನ ಮೇಲೆ ಓರೆಯಾಗಿ ಇಳಿಯಿತು. ಎಲೆಗಳ ಮೇಲೆ ರಕ್ತ ಚಿಮ್ಮಿತು. ಎರಡನೆಯ ಸಲ ಮಚ್ಚು ಎತ್ತುವಷ್ಟರಲ್ಲಿ ಮುನಿಸ್ವಾಮಿ ಕಂಬಿ ಬಡಿಯುವ ಸುತ್ತಿಗೆಯಿಂದ ಅವನ ಮುಂಗೈ ಜಜ್ಜಿದ. ಆಮೇಲೆ ಉಳಿದ ಹತ್ತು ಜನವೂ ಎದ್ದರು. ಎಂಜಲು ಕೈಯಲ್ಲೇ ಹೊಡೆದರು, ಜಲ್ಲಿ ಕಲ್ಲಲ್ಲಿ ಹೊಡೆದರು. ನೆಲಕ್ಕೆ ಬಿದ್ದ ಅಂಜಿನಮ್ಮ ಅದನ್ನೆಲ್ಲ ಕಣ್ಣು ಮುಚ್ಚದೆ ನೋಡಿದಳು. ಬಿಡಿ ಎನ್ನಲಿಲ್ಲ.

ಗೂಡ್ಸ್ ರೈಲಿನಲ್ಲಿ ಇಬ್ಬರನ್ನೂ ದೊಡ್ಡಬಳ್ಳಾಪುರಕ್ಕೆ ಒಯ್ದರು. ಅವಳಿಗೆ ಇಪ್ಪತ್ತಾರು ಹೊಲಿಗೆ ಬಿತ್ತು. ಅವನು ಒಂದು ಕಣ್ಣು ಕಳೆದುಕೊಂಡು ಜೈಲಿಗೆ ಹೋದ, ಬಿಡುಗಡೆಯಾದ ಮೇಲೆ ಕೋಲಾರದ ಕಡೆ ಹೋದನಂತೆ.

ಗಾಯ ಮಾಯ್ದ ಮೇಲೆ ಅವಳು ಮತ್ತೆ ಅದೇ ಒಲೆಗೆ ಬಂದಳು. ನಲವತ್ತೆಂಟರಲ್ಲಿ ಗ್ಯಾಂಗಿನ ಗಂಗಣ್ಣ, ಅಂದು ಅವಳಿಗಾಗಿ ಎಲ್ಲರಿಗಿಂತ ಹೆಚ್ಚು ಹೊಡೆದವನು, ತನ್ನ ಹೆಂಡತಿ ಭಾಗ್ಯಮ್ಮನ ತುಟಿ ಒಡೆದ. ಮಧ್ಯಾಹ್ನ ಅಂಜಿನಮ್ಮ ಸಾಲಾಗಿ ಬಡಿಸಿಕೊಂಡು ಬಂದು ಅವನ ಎಲೆ ದಾಟಿಹೋದಳು.

"ನನಗೆ?"

"ಭಾಗ್ಯ ಬಂದು ಬಡ್ಸು ಅಂದ್ರೆ ಬಡಿಸ್ತೀನಿ."

ನಾಲ್ಕು ದಿನ ಗಂಗಣ್ಣ ಪುರಿ ಕಡಲೆ ತಿಂದು ಸುತ್ತಿಗೆ ಎತ್ತಿದ. ಐದನೆಯ ದಿನ ಹೆಂಡತಿಯನ್ನು ಕರೆತಂದು ಒಲೆಯ ಮುಂದೆ ನಿಲ್ಲಿಸಿದ. ಭಾಗ್ಯಮ್ಮ ಹಬೆಯಾಡುವ ಮುದ್ದೆಯ ಮಂಕರಿ ನೋಡಿದಳು, ಗಂಡನ ಮುಖ ನೋಡಿದಳು.

"ಇವತ್ತೊಂದಿನ ಬೇಡ ಬಿಡಕ್ಕ," ಎಂದಳು. "ನಾಳೆ ನೋಡೋಣ."

ಅಂಜಿನಮ್ಮ ಎಲೆ ಹಾಸಿ ಅವಳನ್ನು ಕೂರಿಸಿ ಬಡಿಸಿದಳು. ಗಂಗಣ್ಣ ಹಾರೆ ಹೆಗಲಿಗಿಟ್ಟುಕೊಂಡು ಕಂಬಿಯ ಮೇಲೆ ನಡೆದ.