ಪಟ್ಟಿ ಇಲ್ಲದ ಜೋಡು

ಮಧ್ಯಾಹ್ನ ನಾಲ್ಕು ಗಂಟೆ ಇಪ್ಪತ್ತು ನಿಮಿಷಕ್ಕೆ ಕರೆಂಟು ಬಂತು. ರಬಕವಿಯ ನಮ್ಮ ಮಗ್ಗದ ಶೆಡ್ಡಿನಲ್ಲಿ ನಾನೂ ನನ್ನ ಗೆಳತಿಯೂ ಕೈಹಿಡಿದು ಸಾಲ್ಸಾ ಎಂಬ ಜೋಡಿ ಕುಣಿತದ ಅಭ್ಯಾಸ ಮಾಡುತ್ತಿದ್ದೆವು. ಕಾಲೇಜಿನ ವಾರ್ಷಿಕ ಗ್ಯಾದರಿಂಗಿನಲ್ಲಿ ಹುಡುಗ ಹುಡುಗಿ ಜೋಡಿಯಾಗಿ ಕುಣಿಯುವಂತಿರಲಿಲ್ಲ. ಹಾಗಾಗಿ ಹುಡುಗನ ಹೆಜ್ಜೆ ನನ್ನದು, ತಿರುಗುವವಳು ಅವಳು. ಮಗ್ಗ ನಿಂತಾಗ ಮಾತ್ರ ಮೊಬೈಲಿನ ಹಾಡು ಕೇಳಿಸುತ್ತಿತ್ತು. ಕರೆಂಟು ಹೋದರೆ ನಮ್ಮಲ್ಲಿ ಯಾರೂ ಸ್ವಿಚ್ ಆರಿಸುವುದಿಲ್ಲ. ಕರೆಂಟು ಬಂದದ್ದು ಮೋಟಾರಿನ ಸದ್ದಿನಿಂದಲೇ ಹೊರಗೆ ಚಹಾ ಕುಡಿಯುವವರಿಗೆ ಗೊತ್ತಾಗಲಿ ಎಂದು.

ಹಿಂದಿನ ವಾರ ಜಮಖಂಡಿಯ ಅಂಗಡಿಯಲ್ಲಿ ಅವಳು ಗಿಡ್ಡ ಹಿಮ್ಮಡಿಯ, ಪಟ್ಟಿ ಕಟ್ಟುವ ಜೋಡು ಮೆಟ್ಟಿ, ಮುಂಗಾಲ ಮೇಲೆ ಒಂದು ಸುತ್ತು ತಿರುಗಿ ನೋಡಿದ್ದಳು.

"ಇವು ಛಲೋ ಅದಾವ ಬೇ. ಬೆರಳು ಒತ್ತೂದಿಲ್ಲ, ಕಾಲ ಬಿಟ್ಟು ಹೋಗೂದಿಲ್ಲ."

"ನರ್ಸಬಾಯಿ ಬೂಟ ಕಂಡಂಗ ಕಾಣ್ತಾವು. ಸೂಜಿ ಮಾಡಾಕ ಹೊಂಟೀಯೇನು?" ಎಂದು ನಕ್ಕೆ. ಹಿಂಬದಿಗೆ ಪಟ್ಟಿಯೇ ಇಲ್ಲದ, ಎತ್ತರ ಹಿಮ್ಮಡಿಯ ಮಿಂಚುವ ಜೋಡನ್ನು ಹಟ ಮಾಡಿ ಕೊಳ್ಳಿಸಿದೆ. ಅವಳ ಕಾಲಿಗಿಂತ ವೇದಿಕೆಯ ಮೇಲೆ ನಾವು ಹೇಗೆ ಕಾಣುತ್ತೇವೆ ಎಂಬುದೇ ನನಗೆ ಮುಖ್ಯವಾಗಿತ್ತು. ನಾನು ಮಾತ್ರ ಹಳೆಯ ಕ್ಯಾನ್ವಾಸ್ ಬೂಟಿನಲ್ಲಿ ಹಾಯಾಗಿದ್ದೆ.

ಶೆಡ್ಡಿನಲ್ಲಿ ಅವಳು ತಿರುಗುತ್ತಿದ್ದಾಗಲೇ ಕರೆಂಟು ಬಂದು ಮೋಟಾರು ಗಡಗಡಿಸಿತು. ಬೆಚ್ಚಿ ಹಿಂದೆ ಸರಿದಳು. ಎಡಗಾಲಿನ ಜೋಡು ಕಳಚಿತು, ಕಾಲು ಹೊರಳಿ ಮಗ್ಗದ ಪಕ್ಕ ಬಿದ್ದಳು. ವೇಲಿನ ತುದಿ ಮೋಟಾರಿನ ಬೆಲ್ಟಿಗೆ ಸಿಕ್ಕಿತು. ಸ್ವಿಚ್ ನನ್ನಿಂದ ನಾಲ್ಕು ಹೆಜ್ಜೆ. ನಾನು ನಿಂತೇ ಇದ್ದೆ. ಹೊರಗಿದ್ದ ನನ್ನ ಕಾಕಾ ಚಹಾ ಚೆಲ್ಲಿ ಓಡಿಬಂದು ಆರಿಸಿದ. ಅವಳ ಕತ್ತಿಗೆ ಕೆಂಪು ಬರೆ, ಕಾಲು ಮುರಿದಿತ್ತು.

"ಹೆಂಗ ಬಿದ್ದಳವ್ವಾ?" ಎಂದು ಅವಳ ಅವ್ವ ಕೇಳಿದಾಗ, "ಆಕೀಗೆ ಧ್ಯಾನನ ಇರಲಿಲ್ರಿ" ಎಂದುಬಿಟ್ಟೆ. ಗೆಳತಿ ಮುಖ ಆಚೆ ತಿರುಗಿಸಿದಳು. ಹೀಗೆ ಮೈಮೇಲೆ ಗಮನವಿಲ್ಲದ ಹುಡುಗಿಗೆ ಕಾಲೇಜು ಸಾಕು ಎಂದು ಅವರ ಮನೆಯಲ್ಲಿ ತೀರ್ಮಾನವಾಯಿತು.

ಆಮೇಲೆ ರಾತ್ರಿ ಕಣ್ಣು ಮುಚ್ಚಿದರೆ ಬೆಲ್ಟು, ವೇಲು, ಆ ನಾಲ್ಕು ಹೆಜ್ಜೆ ಎದುರಿಗೆ ಬಂದು ಎಚ್ಚರವಾಗುತ್ತಿತ್ತು. ಈಗಲೂ ಒಮ್ಮೊಮ್ಮೆ ಬರುತ್ತವೆ. ಮೂರನೇ ವಾರ ಒಂದು ಬೆಳಿಗ್ಗೆ ಅವರ ಮನೆಗೆ ಹೋದೆ.

"ಆಕಿ ಬ್ಯಾಡ ಅಂದ್ರೂ ಆ ಜೋಡು ನಾನ ತಗೋಳಾಕ ಹಚ್ಚಿದ್ನಿರಿ. ಸ್ವಿಚ್ಚ ಆರಸಲಾರದ ನಿಂತಾಕಿನೂ ನಾನ. ಕಾಲೇಜ ಬಿಡಸಬ್ಯಾಡ್ರಿ."

ಅವಳವ್ವ ನನ್ನ ಮುಖ ನೋಡದೆ, ಅಪ್ಪನನ್ನು ಕರೆಯಲು ಒಳಗೆ ಹೋದಳು. ಗೋಡೆಗೆ ಒರಗಿದ್ದ ಗೆಳತಿ ಕೇಳಿದಳು: "ಖರೆ ಹೇಳಾಕ ಇಷ್ಟು ದಿನ ಬೇಕಾತೇನ್ಲೇ?"

ಅವಳಪ್ಪ ಹೊರಗೆ ಬಂದಾಗ ಅದೇ ಮಾತನ್ನು ಅವರಿಗೂ ಹೇಳಿದೆ.

ಪ್ಲಾಸ್ಟರ್ ತೆಗೆದ ಮೇಲೆ ಒಂದು ಬುಧವಾರ ಅವಳು ಕಾಲೇಜಿನ ಬಸ್ಸು ಹತ್ತಿದಳು. ನನ್ನ ಪಕ್ಕದ ಸೀಟು ಖಾಲಿಯಿದ್ದರೂ ಮುಂದೆ ಹೋಗಿ ಕುಳಿತಳು. ಅಂದು ರಾತ್ರಿ, ಅವಳು ಬಿದ್ದ ದಿನದಿಂದ ಮೊದಲ ಸಲ, ನಾನು ಬೆಳಗಿನ ತನಕ ಎಚ್ಚರವಾಗದೆ ಮಲಗಿದೆ.