ಕೊಚ್ಚಿಯಲ್ಲಿ ಬೇಗ ಮುಳುಗಿದ ಸೂರ್ಯ

ಮೊದಲೇ ಒಪ್ಪಿಕೊಂಡುಬಿಡುತ್ತೇನೆ: ನಮ್ಮ ಚಿಕ್ಕಮ್ಮ ಪದ್ಮಾ ಕಾಕು ಕೊಚ್ಚಿಯಲ್ಲಿ ಒಂದು ರಾತ್ರಿ ಉಪವಾಸ ಮಲಗಿದ್ದು ನನ್ನ ಶಾಣ್ಯಾತನದಿಂದ.

ಕಾಕುಗೆ ಮೈಯೆಲ್ಲ ಕಿವಿ. ಕೊಲ್ಲಾಪುರದ ಹತ್ತಿರ, ಹುಪರಿಯ ನಮ್ಮ ಪಡಸಾಲೆಯಲ್ಲಿ ಕೂತು ಬೆಳ್ಳಿಯ ಕಾಲ್ಚೈನಿಗೆ ಗೆಜ್ಜೆ ಜೋಡಿಸುತ್ತಿದ್ದರು. ಮುಗಿದದ್ದನ್ನು ಕಿವಿಯ ಹತ್ತಿರ ಅಲ್ಲಾಡಿಸಿ, ಕಣ್ಣು ಮುಚ್ಚಿ, “ಒಂದು ಗೆಜ್ಜಿ ಮೂಕೈತಿ” ಎನ್ನುತ್ತಿದ್ದರು. ಮದುವೆಮನೆಗಳಲ್ಲಿ ನಾನು ಚಮಚ ಅಲ್ಲಾಡಿಸಿ ಅದನ್ನೇ ಮಾಡಿ ತೋರಿಸುತ್ತಿದ್ದೆ. ಎಲ್ಲರಿಗಿಂತ ಜೋರಾಗಿ ನಗುತ್ತಿದ್ದವರು ಅವರೇ. “ಮಾರಿ ಸುದ್ದ ನನ್ನಂಗ ಮಾಡ್ತಾನ, ಕೆಲಸ ಒಂದ ಬರಂಗಿಲ್ಲ!”

ಅವರು ಹೋಗಿ ಎರಡು ವರ್ಷವಾಯಿತು. ಈಗಲೂ ಯಾರಾದರೂ ಕಾಕುನ ದನಿ ತೆಗೆ ಎನ್ನುತ್ತಾರೆ. ತೆಗೆದರೆ ಯಾರೂ ನಗುವುದಿಲ್ಲ.

ಅವರಿದ್ದಾಗ ಒಮ್ಮೆ, ಅಂಗಡಿಗಳಿಗೆ ಬೆಳ್ಳಿ ಮಾಲು ತೋರಿಸಲು ನಾನು ಕೊಚ್ಚಿಗೆ ಹೊರಟಾಗ, ಸಮುದ್ರ ನೋಡಿರದ ಕಾಕುವನ್ನೂ ಕರೆದುಕೊಂಡು ಹೋದೆ. ಅವರ ಗಂಡ, ನಮ್ಮ ಕಾಕಾ, ಊರಲ್ಲೇ ಉಳಿದರು. ಹಳೇ ಪೇಟೆಯ ಅಂಗಡಿಯವನೊಬ್ಬ ಕಾಲ್ಚೈನು ತೋರಿಸಿ, ಇದು ಮಹಾರಾಣಿಯದು ಎಂದ. ಕಾಕು ಅಲ್ಲಾಡಿಸಿ ಕೇಳಿದರು. “ಹಂಗಾರ ಮಹಾರಾಣಿ ನಮ್ಮ ಓಣ್ಯಾಕಿನ ಇರಬೇಕು. ಹುಪರಿ ಮಾಲಿದು.”

ಮೀನಿನ ವಾಸನೆಗೆ ಮಧ್ಯಾಹ್ನ ಅವರು ಉಣ್ಣಲಿಲ್ಲ. ಊರಿಂದ ತಂದ ಚಪಾತಿ, ಶೇಂಗಾ ಚಟ್ನಿಯ ಡಬ್ಬಿ ಸಂಜೆಗಿತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಊಟವಿಲ್ಲ. ನಾನು ಪರ ಊರಲ್ಲಿ ಆಗಾಗ ಮರೆಯುತ್ತೇನೆ. ಕಾಕು ಮದುವೆಯಾಗಿ ಬಂದಂದಿನಿಂದ ಒಂದು ದಿನವೂ ತಪ್ಪಿಸಿರಲಿಲ್ಲ. ರಾತ್ರಿ ನೀರೂ ಮುಟ್ಟುತ್ತಿರಲಿಲ್ಲ.

ದೋಣಿಯಲ್ಲಿ ವೈಪಿನ್ ದ್ವೀಪಕ್ಕೆ ಹೋಗಿ, ಬಸ್ಸು ಹಿಡಿದು ಚೆರಾಯಿ ದಂಡೆಗೆ ಬಂದೆವು. ಕಾಕು ಸೀರೆ ಮೊಣಕಾಲಿಗೆತ್ತಿ ತೆರೆಯೊಳಗೆ ನಿಂತರು. ಪ್ರತಿ ತೆರೆಗೂ “ಅಯ್ಯ, ಅಯ್ಯ” ಎನ್ನುತ್ತ ನಕ್ಕರು. ನಡುವೆ ಕೇಳಿದರು, “ತಮ್ಮಾ, ಹೊತ್ತು ಇಳದಂಗ ಕಾಣತೈತಲ್ಲೋ?”

ಹೊತ್ತು ಮುಳುಗುವ ವೇಳೆ ಅಚ್ಚಾಗಿದ್ದ ಮನೆಯ ಗೋಡೆಯ ಕ್ಯಾಲೆಂಡರಿನ ಫೋಟೋ ನನ್ನ ಮೊಬೈಲಿನಲ್ಲಿತ್ತು. “ಏಳಕ್ಕ ಮುಳಗೋದು. ಇನ್ನಾ ಅರ್ಧಾ ತಾಸೈತ್ರಿ. ನೀರಿನ ಮ್ಯಾಲ ಹಂಗ ಕಾಣತೈತಿ” ಎಂದೆ, ಸಮುದ್ರದಲ್ಲೇ ಹುಟ್ಟಿದವನಂತೆ.

ಆ ಕ್ಯಾಲೆಂಡರಿನಲ್ಲಿದ್ದದ್ದು ಕೊಲ್ಲಾಪುರದ ಸೂರ್ಯ. ಮೇ ತಿಂಗಳಲ್ಲಿ ಕೊಚ್ಚಿಯವನು ಅದಕ್ಕಿಂತ ಬೇಗ ಮನೆ ಸೇರುತ್ತಾನೆಂದು ನನಗೇನು ಗೊತ್ತು? ಕಾಕು ನನ್ನ ಮಾತು ನಂಬಿ ಇನ್ನೂ ನಾಲ್ಕು ತೆರೆಗೆ ನಿಂತು, ಆಮೇಲೆ ಕೈತೊಳೆದು, ಡಬ್ಬಿ ಬಿಚ್ಚಿ, ಮೊದಲ ತುತ್ತು ಮುರಿದರು. ತುತ್ತು ಚಟ್ನಿಗೆ ತಾಗುವಷ್ಟರಲ್ಲಿ ಸೂರ್ಯ ನೀರೊಳಗೆ ಹೋದ.

ಅವರು ತುತ್ತನ್ನು ಮೆಲ್ಲಗೆ ಡಬ್ಬಿಯಲ್ಲೇ ಇಟ್ಟರು. ಬೈಯಲಿಲ್ಲ. ಬೈದಿದ್ದರೆ ನಾನು ಬದುಕುತ್ತಿದ್ದೆ.

“ಕಾಕು, ಹುಪರಿಯೊಳಗ ಇನ್ನಾ ಹೊತ್ತು ಮುಳಗಿಲ್ರಿ” ಎಂದು ಗೋಗರೆದೆ. “ನಾವು ಆ ಊರಾವ್ರು, ನಮಗ ಆ ಊರ ಲೆಕ್ಕ. ಉಣ್ರಿ, ನಡೀತೈತಿ.”

ಕಾಕು ಮುಚ್ಚಳ ಒತ್ತಿದರು.

“ಹುಪರಿಯೊಳಗ ನಿಮ್ಮ ಕಾಕಾ ಉಣ್ಣಾಕತ್ತಿರತಾರ. ಅವರು ಉಂಡ್ರ ಇಲ್ಲಿ ನನಗ ತೇಗು ಬರತೈತೇನಲೇ?”