ಸಹಿ ಮೊದಲು, ಮಾತು ಆಮೇಲೆ

ಅಂಗಡಿಯಲ್ಲಿ ಎಲ್ಲರೂ ಅವರನ್ನು ಕಾರ್ಡಣ್ಣ ಎಂದೇ ಕರೆಯುತ್ತಿದ್ದರು. ಹೆತ್ತವರು ಇಟ್ಟ ಹೆಸರು ಸಂಬಳದ ದಿನ ಬಿಟ್ಟರೆ ಬೇರೆ ದಿನ ಯಾರ ಬಾಯಲ್ಲೂ ಬರುತ್ತಿರಲಿಲ್ಲ. ಟಿ.ವಿ., ರೇಡಿಯೋ, ಟೇಪ್ ರೆಕಾರ್ಡರು ಮಾರುವ ಆ ಎರಡಂತಸ್ತಿನ ಅಂಗಡಿಯಲ್ಲಿ ಅವರು ಇಪ್ಪತ್ತೆರಡು ವರ್ಷ ಕೂತದ್ದು ಒಂದೇ ಮೇಜಿಗೆ. ಮೆಟ್ಟಿಲ ಕೆಳಗಿನ, ಒಂದು ಕಾಲಿಗೆ ಮಡಿಸಿದ ರಟ್ಟು ಕೊಟ್ಟು ನಿಲ್ಲಿಸಿದ ಮೇಜಿಗೆ. ಮೇಲೊಂದು ಫೋನು, ಎರಡು ಪೆನ್ನು, ಎಡಗಡೆ ಬೀಗವಿರುವ ಡ್ರಾಯರು. ಕೊಂಡವರು ತಾವು ಕೊಂಡ ವಸ್ತುವಿನ ಬಗ್ಗೆ ಏನು ಹೇಳುತ್ತಾರೆ ಎಂಬುದನ್ನು ಕೇಳಿ ಕಾರ್ಡಿನ ಮೇಲೆ ಬರೆದುಕೊಳ್ಳುವುದು, ತಿಂಗಳಿಗೊಮ್ಮೆ ಆಯಾ ಕಂಪನಿಗೆ ಕಳಿಸುವುದು ಅವರ ಕೆಲಸ.

ಈ ಕೆಲಸ ಉಳಿದವರಿಗೆ ತಮಾಷೆಯಾಗಿತ್ತು. "ಊಟ ಮುಗಿದು ಕೈ ತೊಳ್ಕೊಂಡ ಮೇಲೆ ಉಪ್ಪು ಸಾಕಾಗಿತ್ತಾ ಅಂತ ಕೇಳೋ ಕೆಲಸ ನಿಮ್ದು," ಎಂದು ರಿಪೇರಿ ಮೇಜಿನವನು ಛೇಡಿಸುತ್ತಿದ್ದ.

"ನಾಳೆ ಅಡುಗೆ ಮಾಡೋರಿಗೆ ಬೇಕಾಗುತ್ತಪ್ಪ," ಎಂದು ಕಾರ್ಡಣ್ಣ ತಲೆಯೆತ್ತದೆ ಉತ್ತರ ಕೊಡುತ್ತಿದ್ದರು.

ಅವರ ಕ್ರಮ ಕಟ್ಟುನಿಟ್ಟಿನದು. ಮಾರಾಟವಾಗಿ ಎರಡು ವಾರಕ್ಕೆ ಫೋನು. ಕೇಳುವುದು ಒಂದೇ ಪ್ರಶ್ನೆ: ಹೇಗಿದೆ? ಹೇಳಿದ್ದನ್ನು ಹೇಳಿದಂತೆಯೇ ಬರೆದು, ಫೋನಿನಲ್ಲಿಯೇ ಓದಿ ಹೇಳಿ, ಒಪ್ಪಿಗೆ ಪಡೆದು, ಮೂಲೆಯಲ್ಲಿ ದಿನಾಂಕ, ಗಂಟೆ, ನಿಮಿಷ ಹಾಕುವುದು. ತೊಡಕು ಇದ್ದದ್ದು ಸಹಿಯದು. ಸಹಿಯಿಲ್ಲದ ಕಾರ್ಡನ್ನು ಕಂಪನಿಗಳು ಮುಟ್ಟುತ್ತಿರಲಿಲ್ಲ. ಒಂದು ಸಹಿಗಾಗಿ ಬಸ್ಸು ಹತ್ತಿ ಬರುವ ಪುರುಸೊತ್ತು ಕೊಂಡವರಿಗೆ ಇರುತ್ತಿರಲಿಲ್ಲ. ಹಾಗಾಗಿ ಕಾರ್ಡಣ್ಣನೇ ಒಂದು ದಾರಿ ಹುಡುಕಿದರು. ವಸ್ತು ಕೊಂಡ ದಿನವೇ ಖಾಲಿ ಕಾರ್ಡಿನ ಕೆಳಗೆ ಸಹಿ ಹಾಕಿಸಿಕೊಂಡು ಡ್ರಾಯರಿನಲ್ಲಿಟ್ಟು ಬೀಗ ಹಾಕುವುದು, ಮಾತನ್ನು ಆಮೇಲೆ ತುಂಬುವುದು. ಖಾಲಿ ಕಾಗದಕ್ಕೆ ಸಹಿ ಹಾಕಬಾರದೆಂಬ ತಿಳಿವಳಿಕೆ ಯಾರಿಗಿಲ್ಲ? ಆದರೂ ಜನ ಹಾಕುತ್ತಿದ್ದರು. ಆ ಡ್ರಾಯರು ಕಾರ್ಡಣ್ಣನ ಪಾಲಿಗೆ ಇಡೀ ಬದುಕಿನ ಸಂಪಾದನೆಯಾಗಿತ್ತು. ಹಾಗೆಂದು ಅವರು ಯಾರಲ್ಲಿಯೂ ಹೇಳಿಕೊಂಡವರಲ್ಲ.

ಆ ವರ್ಷ ಬಂದದ್ದು ಕೈಯಲ್ಲಿ ಹಿಡಿದು ತಿರುಗಬಹುದಾದ ಸಿ.ಡಿ. ಪ್ಲೇಯರು. ಊಟದ ತಟ್ಟೆಯ ಅರ್ಧದಷ್ಟು ಅಗಲ, ಬೆಳ್ಳಿ ಬಣ್ಣ. ಎಂಪಿತ್ರೀ ಎಂಬ ವಿಧಾನದಲ್ಲಿ ಹಾಡುಗಳನ್ನು ಕುಗ್ಗಿಸಿ ತುಂಬುವುದರಿಂದ ಒಂದೇ ಸಿ.ಡಿ.ಯಲ್ಲಿ ನೂರೈವತ್ತು ಹಾಡು ಹಿಡಿಯುತ್ತವೆ ಎಂಬುದು ಅದರ ಹೆಚ್ಚುಗಾರಿಕೆ. ಜನ ಮುಗಿಬಿದ್ದರು. ಎರಡು ವಾರ ಕಳೆದು ಅಭಿಪ್ರಾಯಗಳು ಬರತೊಡಗಿದವು.

"ನೂರೈವತ್ತು ಹಾಡು ಅಂದ್ರಿ, ಇದೆ, ಇಲ್ಲ ಅನ್ನಲ್ಲ," ಎಂದ ಗಡಿಯಾರ ರಿಪೇರಿಯವನು. "ಬ್ಯಾಟರಿ ನಲವತ್ತನೇ ಹಾಡಿಗೇ ಕೈ ಎತ್ತುತ್ತೆ. ಮಿಕ್ಕ ನೂರಹತ್ತನ್ನ ಯಾರು ಕೇಳ್ಬೇಕು, ನಿಮ್ಮ ಮಾಲೀಕರಾ?"

ಪರಭಾಷೆಯ ಪಾಠಗಳನ್ನು ತುಂಬಿಸಿಕೊಂಡಿದ್ದ ಪ್ರಯೋಗಾಲಯದ ನೌಕರನ ದೂರು ಬೇರೆ. "ಮೊದಲನೇ ಪಾಠ ಆದ ಮೇಲೆ ಹತ್ತನೇದು ಹಾಕುತ್ತೆ. ಆಮೇಲೆ ಹನ್ನೊಂದು. ಎಲ್ಲಾ ಮುಗಿಸಿ ಎರಡಕ್ಕೆ ಬರುತ್ತೆ. ಎಣಿಸೋಕೆ ಬರದೇ ಇರೋದು ನಂಗೋ, ಅದಕ್ಕೋ?"

ಎಳೆಗೂಸಿನ ತಾಯಿಯೊಬ್ಬಳು ಹೇಳಿದ್ದನ್ನು ಬರೆಯುವಾಗ ಕಾರ್ಡಣ್ಣನಿಗೂ ನಗು ತಡೆಯಲಾಗಲಿಲ್ಲ. "ಮಗು ಮಲಗ್ಲಿ ಅಂತ ಹಾಕ್ತೀನಿ, ಮಲಗುತ್ತೆ. ಅಷ್ಟೊತ್ತಿಗೆ ಬ್ಯಾಟರಿ ಮುಗೀತು ಅಂತ ಇದು ಕೀಂ ಕೀಂ ಅಂತ ಕೂಗ್ಕೊಳ್ಳುತ್ತೆ. ಮಗು ಎದ್ದು ಕೂತ್ಕೊಳ್ಳುತ್ತೆ. ಆಮೇಲೆ ಮಲಗೋದು ಪ್ಲೇಯರ್ ಒಂದೇ."

ಹೊಗಳಿದವರೂ ಇದ್ದರು. "ಬೆಳಿಗ್ಗೆ ನಿಲ್ಲಿಸಿದ ಜಾಗದಿಂದಲೇ ಸಂಜೆ ಶುರು ಮಾಡುತ್ತೆ ಕಣ್ರೀ, ನಮ್ಮ ಯಜಮಾನರ ಜಗಳದ ಹಾಗೆ," ಎಂದಿದ್ದಳು ಗ್ರಂಥಾಲಯದಲ್ಲಿ ಕೆಲಸ ಮಾಡುವಾಕೆ. ಯಜಮಾನರ ಮಾತನ್ನು ಇಡಬೇಕೇ ಬಿಡಬೇಕೇ ಎಂದು ಕೇಳಿ, "ಇಡಿ, ಇಡಿ" ಎನ್ನಿಸಿಕೊಂಡೇ ಅವರು ಗಂಟೆ ನಿಮಿಷ ಹಾಕಿದ್ದು.

ಕೊಂಡವರಲ್ಲಿ ಒಬ್ಬಾಕೆ ಟೈಲರಮ್ಮ. ಮೂರು ಬೀದಿ ಆಚೆ ಆಕೆಯ ಹೊಲಿಗೆ ಅಂಗಡಿ. ನಾಲ್ಕು ಯಂತ್ರ, ಕಲಿಯಲು ಬರುವ ಆರೇಳು ಹೆಣ್ಣುಮಕ್ಕಳು. ಕೊಳ್ಳುವ ದಿನ ಆಕೆ ಪ್ಲೇಯರನ್ನು ತಿರುವಿ ಮುರುವಿ ನೋಡಿ, "ಮಿಷನ್ ಟೇಬಲ್ ಮೇಲಿಟ್ಟು ಹೊಲೀತಾ ಇದ್ರೆ ಹಾಡು ಕಡಿಯಲ್ವಾ?" ಎಂದು ಕೇಳಿದಳು.

"ನಂಗೊತ್ತಿಲ್ಲಮ್ಮ. ಕಂಪನಿಯವರು ಕಡಿಯಲ್ಲ ಅಂತಾರೆ. ಎರಡು ವಾರ ಇಟ್ಟು ನೋಡಿ, ನಾನೇ ಕೇಳ್ತೀನಿ. ನೀವು ಏನಂತೀರೋ ಅದನ್ನೇ ಬರಿಯೋದು."

"ಗೊತ್ತಿಲ್ಲ ಅನ್ನೋ ಅಂಗಡಿಯವರನ್ನ ಇವತ್ತೇ ನೋಡಿದ್ದು," ಎಂದು ಆಕೆ ನಗುತ್ತ ಖಾಲಿ ಕಾರ್ಡಿಗೆ ಸಹಿ ಹಾಕಿ ಹೋದಳು.

ಅದೇ ಅಂಗಡಿಯ ಮೇಲಂತಸ್ತಿನಲ್ಲಿ ಕಾರ್ಡಣ್ಣನ ತಂಗಿ ಮಾರಾಟದ ಕೆಲಸದಲ್ಲಿದ್ದಳು. ಅವರಿಗಿಂತ ಎಂಟು ವರ್ಷ ಚಿಕ್ಕವಳು. ತಾಯಿ ಗಿರಣಿಗೆ ದುಡಿಯಲು ಹೋಗುತ್ತಿದ್ದ ದಿನಗಳಲ್ಲಿ ಅವಳ ಕೈ ಹಿಡಿದು ಅಕ್ಷರ ತಿದ್ದಿಸಿದವರು ಇವರೇ. ಇಬ್ಬರ ಬರಹವೂ ಎರಕ ಹೊಯ್ದಂತೆ ಒಂದೇ: ಅಕ್ಷರ ಕೊಂಚ ಹಿಂದಕ್ಕೆ ವಾಲಿ, ಒತ್ತುಗಳ ಬಾಲ ಎಡಕ್ಕೆ ಉದ್ದವಾಗಿ ಎಳೆದುಕೊಂಡಿರುತ್ತಿತ್ತು. ಅವಳನ್ನು ಅಂಗಡಿಗೆ ಸೇರಿಸಿದವರೂ ಇವರೇ. ಬಾಯಿ ಚುರುಕು, ಕಾಲು ಚುರುಕು. ಮಾಲೀಕರು ಅವಳನ್ನು ಹೊಗಳಿದಾಗ ಕಾರ್ಡಣ್ಣ ಕೇಳಿಸದವರಂತೆ ಪೆನ್ನಿನ ಮುಚ್ಚಳ ತಿರುಗಿಸುತ್ತ ಕೂತಿರುತ್ತಿದ್ದರು.

ಪ್ಲೇಯರ್ ಕಂಪನಿ ಆ ತಿಂಗಳು ಒಂದು ಆಸೆ ತೋರಿಸಿತ್ತು. ಐವತ್ತು ಒಳ್ಳೆಯ ಅಭಿಪ್ರಾಯ ಕಳಿಸಿದ ಅಂಗಡಿಗೆ ಹೊಸ ಶೋರೂಮು. ಶೋರೂಮು ಬಂದರೆ ಅದರ ಉಸ್ತುವಾರಿ ನಿನಗೇ ಎಂದು ಮಾಲೀಕರು ತಂಗಿಗೆ ಹೇಳಿದ್ದರಂತೆ. ಇದು ಕಾರ್ಡಣ್ಣನಿಗೆ ಗೊತ್ತಾದದ್ದು ಆಮೇಲೆ.

ಅಷ್ಟರಲ್ಲಿ ಅವರಿಗೆ ಕಣ್ಣುಬೇನೆ ಬಂತು. ಎರಡೂ ಕಣ್ಣು ಕೆಂಡವಾಗಿ ನೀರು ಸುರಿಯತೊಡಗಿದಾಗ ಮಾಲೀಕರು, ಇದು ಎಲ್ಲರಿಗೂ ಹರಡುತ್ತದೆ, ಎಂಟು ದಿನ ಮನೆಯಲ್ಲಿರಿ ಎಂದರು. ಮೂವತ್ತೊಂದು ಕಾರ್ಡು ಆ ಎಂಟು ದಿನಗಳಲ್ಲಿಯೇ ತುಂಬಬೇಕಾದವು. ಕಾರ್ಡಣ್ಣನ ಚಡಪಡಿಕೆ ಕಂಡು ತಂಗಿಯೇ ಮನೆಗೆ ಬಂದು ಬಾಗಿಲಲ್ಲಿ ನಿಂತಳು.

"ಕೀಲಿಕೈ ಕೊಡಣ್ಣ. ಫೋನ್ ಮಾಡಿ ಕೇಳೋದು ತಾನೆ? ನಾನೇನು ಪರಕೀಯಳಾ?"

"ಸಹಿ ಇರೋ ಕಾರ್ಡೆಲ್ಲ ತುಂಬಿಬಿಡು ಹಾಗಾದ್ರೆ," ಎಂದು ಅವರು ಒದ್ದೆ ಬಟ್ಟೆಯನ್ನು ಕಣ್ಣಿಗೊತ್ತಿಕೊಂಡೇ ಕೀಲಿಕೈ ಚಾಚಿದರು. ಕೇಳಿ ಬರೆ, ಓದಿ ಹೇಳು ಎಂದು ಬಿಡಿಸಿ ಹೇಳುವ ಅಗತ್ಯ ಅವರಿಗೆ ಕಾಣಲಿಲ್ಲ. ಹನ್ನೊಂದು ವರ್ಷದಿಂದ ನೋಡುತ್ತಿದ್ದವಳು. ಕೆಲಸಕ್ಕೆ ಮರಳಿದಾಗ ಕಾರ್ಡುಗಳು ಕಂಪನಿ ತಲುಪಿಯಾಗಿತ್ತು. "ಮೂವತ್ತೊಂದೂ ಆಯ್ತು, ಕಳ್ಸಿದ್ದೂ ಆಯ್ತು," ಎಂದಳು ತಂಗಿ. ಅವರಿಗೆ ಎಷ್ಟು ಹಿತವಾಯಿತೆಂದರೆ, ಕಣ್ಣಲ್ಲಿ ಮತ್ತೆ ನೀರು ಬಂದದ್ದಕ್ಕೆ ಬೇನೆಯನ್ನೇ ದೂರಿದರು.

ತಿಂಗಳು ಕಳೆದು ಒಂದು ಬುಧವಾರ, ಹನ್ನೊಂದೂವರೆಯ ಹೊತ್ತಿಗೆ, ಟೈಲರಮ್ಮ ಅಳತೆಯ ಟೇಪು ಕೊರಳಲ್ಲಿರುವಂತೆಯೇ ಒಳಗೆ ಬಂದಳು. ಕೈಯಲ್ಲಿ ಕಂಪನಿಯ ಬಣ್ಣದ ಜಾಹೀರಾತು ಹಾಳೆ. ನಂಬಿಕೆ ಬರಲೆಂದು ಕಾರ್ಡುಗಳನ್ನೇ ಫೋಟೋ ತೆಗೆದು ಅಚ್ಚು ಹಾಕಿದ್ದರು. ನಡುವಿನದೇ ಆಕೆಯದು.

"ಏನ್ರೀ ಕಾರ್ಡಣ್ಣ, ಓದಿ ಇದನ್ನ. ಗಟ್ಟಿಯಾಗಿ ಓದಿ."

ಅವರು ಓದಿದರು. "ಹೊಲಿಗೆ ಯಂತ್ರದ ಮೇಲಿಟ್ಟು ದಿನವಿಡೀ ಕೇಳಿದರೂ ಹಾಡು ಒಮ್ಮೆಯೂ ಕಡಿಯುವುದಿಲ್ಲ. ಅತ್ಯುತ್ತಮ ಸಾಧನ." ಕೆಳಗೆ ಆಕೆಯ ಸಹಿ.

"ನಾನು ಹೀಗಂದ್ನಾ? ನೀವು ಫೋನೇ ಮಾಡ್ಲಿಲ್ಲ! ಒಂದು ತೋಳು ಹೊಲಿಯೋದ್ರಲ್ಲಿ ಹತ್ತು ಸಲ ತಡವರಿಸುತ್ತೆ ಅದು. ನನ್ನ ಹತ್ರ ಕಲಿಯೋ ಇಬ್ಬರು ಹುಡುಗೀರು ಟೈಲರಮ್ಮನೇ ಸಹಿ ಹಾಕಿದಾರಲ್ಲ ಅಂತ ಒಂದೊಂದು ತಗೊಂಡ್ರು. ಈಗ ನನ್ನ ಮುಖ ನೋಡಿ ಮುಸಿಮುಸಿ ನಗ್ತಾರೆ. ಬರೆದಿರೋದು ನಿಮ್ಮ ಕೈ ಬರಹ ಅಲ್ವಾ? ಬಿಲ್ಲಿನ ಹಿಂದೆ ನೀವು ಫೋನ್ ನಂಬರ್ ಬರ್ಕೊಟ್ಟಿದ್ದು ನನ್ನ ಹತ್ರ ಇದೆ."

ಬರಹ ಅವರದೇ ಆಗಿತ್ತು. ಒಂದು ಕ್ಷಣ, ಬೇನೆಯ ಮಂಪರಿನಲ್ಲಿ ತಾನೇ ಬರೆದು ಮರೆತೆನೇ ಎಂದು ಅವರಿಗೇ ಅನುಮಾನ ಬಂತು. ಆಮೇಲೆ ಮೂಲೆ ನೋಡಿದರು: ಗಂಟೆಯಿಲ್ಲ, ನಿಮಿಷವಿಲ್ಲ. ಮತ್ತೆ ಆ 'ಅತ್ಯುತ್ತಮ'. ಇಪ್ಪತ್ತೆರಡು ವರ್ಷಗಳಲ್ಲಿ ಕೊಂಡವರೊಬ್ಬರೂ ಫೋನಿನಲ್ಲಿ ಆ ಪದ ಆಡಿದ್ದನ್ನು ಅವರು ಕೇಳಿರಲಿಲ್ಲ.

"ನಾನು ಬರೆದಿದ್ದಲ್ಲಮ್ಮ," ಎಂದರು.

"ಮತ್ಯಾರು, ನಿಮ್ಮ ಪೆನ್ನಾ?"

ಅವರು ಮೇಲಂತಸ್ತಿನ ಮೆಟ್ಟಿಲ ಕಡೆ ನೋಡಿದರು. ಆಕೆ ಹಾಳೆಯನ್ನು ಮೇಜಿನ ಮೇಲೆ ಬಿಟ್ಟು ಹೊರಟುಹೋದಳು.

ಮೇಲಂತಸ್ತಿನ ಉಗ್ರಾಣದಲ್ಲಿ ತಂಗಿ ಖಾಲಿ ಪೆಟ್ಟಿಗೆಗಳನ್ನು ತುಳಿದು ಚಪ್ಪಟೆ ಮಾಡುತ್ತಿದ್ದಳು. ಹಾಳೆ ನೋಡಿ ಕಾಲು ನಿಲ್ಲಿಸಿದಳು, ತಡಬಡಿಸಲಿಲ್ಲ.

"ಒಬ್ಬರಿಗಾದ್ರೂ ಫೋನ್ ಮಾಡಿದ್ಯಾ?"

"ಮಾಡ್ದೆ. ಮೊದಲನೆಯವರು ಬೈದ್ರು. ಎರಡನೆಯವರೂ ಬೈದ್ರು. ಮೂರನೆಯವರಿಗೆ ಮಾಡ್ಲಿಲ್ಲ."

"ಬೈದಿದ್ದನ್ನೇ ಬರೀಬೇಕಿತ್ತು."

"ಬರೆದಿದ್ರೆ ಶೋರೂಮ್ ಬರ್ತಿತ್ತಾ? ಎಲ್ಲಾ ಒಳ್ಳೇದೇ ಬರ್ದಿದೀನಿ ಅಣ್ಣ, ಯಾರ ಬಗ್ಗೆಯೂ ಒಂದು ಕೆಟ್ಟ ಮಾತಿಲ್ಲ. ನೀನು ಇಪ್ಪತ್ತು ವರ್ಷ ಬರೆದ್ಯಲ್ಲ, ಯಾವ ಕಂಪನಿ ಯಾವ ಸ್ಕ್ರೂ ಬಿಗಿ ಮಾಡ್ತು ಹೇಳು?"

ಆ ಮಾತು ನಾಟಿತು. "ಬೇರೆ ಬರಹದಲ್ಲಾದ್ರೂ ಬರೀಬಹುದಿತ್ತು," ಎಂದರು, ಹೇಳಿದ ಮೇಲೆ ಅದೆಂಥ ಅವಿವೇಕದ ಮಾತೆಂದು ತೋರಿತು.

"ನಂಗೆ ಬರೋದು ಇದೊಂದೇ ಬರಹ. ನೀನೇ ಕಲ್ಸಿದ್ದು."

ಅಷ್ಟು ಹೊತ್ತಿಗೆ ಮಾಲೀಕರಿಗೆ ಸುದ್ದಿ ಮುಟ್ಟಿತ್ತು. ಇಬ್ಬರನ್ನೂ ಕರೆಸಿದರು. ಗಾಜಿನ ಬಾಗಿಲಿನ ಆ ಚಿಕ್ಕ ಕೋಣೆಯಲ್ಲಿ ಮೂರನೆಯ ಕುರ್ಚಿ ಇರಲಿಲ್ಲ. ಅಣ್ಣ ತಂಗಿ ನಿಂತೇ ಇದ್ದರು.

"ಇದನ್ನ ಬರೆದೋರು ಯಾರು?"

ತಂಗಿಯೇ ಹೇಳಲಿ ಎಂದು ಕಾರ್ಡಣ್ಣ ಕಾದರು. ಅವಳು ಹೇಳಿದಳು, ತೊದಲದೆ. "ನಾನೇ ಸಾರ್. ಅಣ್ಣನೇ ಕೀಲಿಕೈ ಕೊಟ್ಟು, ಸಹಿ ಇರೋ ಕಾರ್ಡೆಲ್ಲ ತುಂಬಿಬಿಡು ಅಂದ. ತುಂಬಿದೆ."

ಆ ಮಾತಿನಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ಕೊಂಡವರನ್ನು ಕೇಳದೆಯೇ ಬರೆದೆನೆಂಬುದನ್ನು ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ಅವರು ಅವಳ ಮುಖವನ್ನೇ ನೋಡುತ್ತಿದ್ದರು. ಅವಳು ಗೋಡೆಯ ಕ್ಯಾಲೆಂಡರನ್ನು, ಅದರಲ್ಲಿ ಓದಬೇಕಾದದ್ದು ಬಹಳ ಇದೆ ಎಂಬಂತೆ, ನೋಡುತ್ತಿದ್ದಳು. ಕಾರ್ಡುಗಳಲ್ಲಿ ಮಾಡಿದ್ದನ್ನು ಅವರು ಎಂದಾದರೂ ಹೊಟ್ಟೆಗೆ ಹಾಕಿಕೊಳ್ಳಬಹುದಿತ್ತೇನೋ. ಈ ಕೋಣೆಯಲ್ಲಿ ಆದದ್ದನ್ನು ಎಲ್ಲಿಡಬೇಕೆಂದು ತಿಳಿಯಲಿಲ್ಲ.

"ಹಾಗಂದಿದ್ರಾ?" ಮಾಲೀಕರು ಅವರತ್ತ ತಿರುಗಿದರು.

"ಅಂದಿದ್ದೆ."

"ನಿಮ್ಮಿಂದ ಇದನ್ನ ನಿರೀಕ್ಷೆ ಮಾಡಿರ್ಲಿಲ್ಲ ಕಾರ್ಡಣ್ಣ. ಹೋಗ್ಲಿ, ಬೆಳೆಸೋದು ಬೇಡ. ಆ ಹೆಂಗಸಿಗೆ ಹೊಸದೊಂದು ಕೊಟ್ಟು ಬಾಯಿ ಮುಚ್ಚಿಸಿ. ಶೋರೂಮಿನ ಪತ್ರ ನಿನ್ನೆ ತಾನೆ ಬಂದಿದೆ."

ಮಧ್ಯಾಹ್ನ ಅವರು ಟೈಲರಮ್ಮನ ಅಂಗಡಿಗೆ ಹೋದರು. ನಾಲ್ಕೂ ಯಂತ್ರಗಳು ಓಡುತ್ತಿದ್ದವು. ಕೈಯಲ್ಲಿದ್ದ ಪೆಟ್ಟಿಗೆ ನೋಡಿ ಆಕೆ, "ಅಯ್ಯೋ, ಇನ್ನೊಂದಾ? ಒಂದರ ಕಾಟವೇ ಸಾಲ್ದಾ?" ಎಂದಳು. ಹುಡುಗಿಯರು ಬಾಯಿಗೆ ಬಟ್ಟೆ ಒತ್ತಿಕೊಂಡರು.

"ಇದು ಮಾಲೀಕರು ಕಳ್ಸಿದ್ದು. ಬೇಡ ಅಂದ್ರೆ ವಾಪಸ್ ಒಯ್ತೀನಿ. ನಾನು ಬಂದಿದ್ದು ಬೇರೆ ಮಾತಿಗೆ. ಆ ಕಾರ್ಡನ್ನ ಬರೆದಿದ್ದು ನನ್ನ ತಂಗಿ."

ಚಿಕ್ಕಂದಿನಲ್ಲಿ ಅವಳು ಒಡೆದ ಲೋಟ, ಕಳೆದ ಕೊಡೆ ಯಾವುದಕ್ಕೂ ತಾಯಿಯ ಮುಂದೆ ಅವಳ ಹೆಸರು ಎತ್ತದವರು ಅವರು. ಈ ಮಾತು ಅವರ ಬಾಯಿಯಿಂದ ಹೊರಟದ್ದು ಇದೇ ಮೊದಲು.

ಟೈಲರಮ್ಮ ಯಂತ್ರದ ಚಕ್ರಕ್ಕೆ ಅಂಗೈ ಒತ್ತಿ ನಿಲ್ಲಿಸಿದಳು. "ಅವಳ ಕೈಗೆ ಕಾರ್ಡ್ ಕೊಟ್ಟೋರು?"

"ನಾನು."

"ಬರೀದೇ ಇರೋ ಕಾರ್ಡಿಗೆ ಸಹಿ ಹಾಕಿಸ್ಕೊಂಡೋರು?"

"ನಾನೇ ಕಣಮ್ಮ."

ಆಕೆ ಸೆರಗಿಗೆ ಚುಚ್ಚಿಕೊಂಡಿದ್ದ ಗುಂಡುಸೂಜಿಗಳನ್ನು ಒಂದೊಂದಾಗಿ ತೆಗೆದು ಡಬ್ಬಿಗೆ ಹಾಕಿದಳು. "ಸರಿ, ಈಗಾದ್ರೂ ಕೇಳಿ. ಹೇಗಿದೆ ಅಂತ ಕೇಳಿ."

"ಹೇಗಿದೆ?"

ಆಕೆ ಹೇಳಿದಳು. ಯಂತ್ರ ನಿಧಾನವಾಗಿ ಓಡುವಾಗ ಹಾಡು ಸರಿಯಿರುತ್ತದೆ, ವೇಗ ಹೆಚ್ಚಿಸಿದರೆ ಕಡಿಯುತ್ತದೆ. ಮಡಿಸಿದ ಕಂಬಳಿಯ ಮೇಲಿಟ್ಟರೆ ಪರವಾಗಿಲ್ಲ, ಆದರೆ ಕಂಬಳಿಗೆ ಮೇಜಿನ ಮೇಲೆ ಜಾಗವಿಲ್ಲ. ಕಿವಿಗೆ ಹಾಕುವ ತಂತಿ ಬಟ್ಟೆಗೆ ಸಿಕ್ಕಿಕೊಂಡು ಒಮ್ಮೆ ಸೂಜಿಯ ಕೆಳಗೆ ಹೋಗುವುದರಲ್ಲಿತ್ತು. ದನಿ ಮಾತ್ರ ಚೆನ್ನಾಗಿದೆ, ಸುಳ್ಳು ಹೇಳಬಾರದು. ಕಾರ್ಡಣ್ಣ ಹೊಸ ಕಾರ್ಡಿನ ಮೇಲೆ ಅಷ್ಟನ್ನೂ ಬರೆದು, ಓದಿ ಹೇಳಿ, ಮೂಲೆಯಲ್ಲಿ ಮೂರು ಗಂಟೆ ಇಪ್ಪತ್ತು ನಿಮಿಷ ಎಂದು ಹಾಕಿ, ಪೆನ್ನನ್ನೂ ಕಾರ್ಡನ್ನೂ ಆಕೆಯತ್ತ ಸರಿಸಿದರು.

ಆಕೆ ಕನ್ನಡಕ ಹಾಕಿಕೊಂಡು ಓದಿದಳು. ಮತ್ತೊಮ್ಮೆ ಓದಿದಳು. "ಒಂದಕ್ಷರ ಹೆಚ್ಚಿಲ್ಲ, ಕಮ್ಮಿ ಇಲ್ಲ," ಎಂದು ಪೆನ್ನನ್ನು ಹಿಂದಕ್ಕೆ ಕೊಟ್ಟಳು.

"ಸಹಿ, ಅಮ್ಮ."

"ಸಹಿ ಇಲ್ಲ ಕಾರ್ಡಣ್ಣ. ಬೇಜಾರ್ ಮಾಡ್ಕೋಬೇಡಿ. ನೀವು ಸುಳ್ಳು ಹೇಳೋರಲ್ಲ ಅಂತ ಗೊತ್ತಾಯ್ತು. ಆದ್ರೆ ಇನ್ಮೇಲೆ ನನ್ನ ಹೆಸರು ನನ್ನ ಹತ್ರಾನೇ ಇರ್ಲಿ."

ಅವರು ಸರಿಯೆಂದರು. ಬೀದಿಗೆ ಇಳಿಯುವಷ್ಟರಲ್ಲಿ ಒಳಗೆ ಯಂತ್ರ ಮತ್ತೆ ಓಡತೊಡಗಿತ್ತು. ಸಹಿಯಿಲ್ಲದ ಕಾರ್ಡು ಯಾವ ಕಂಪನಿಗೂ ಬೇಡ. ಅದನ್ನು ಅಂಗಿಯ ಜೇಬಿಗೆ ಸೇರಿಸಿ, ಮೂವತ್ತೊಂದು ಮಂದಿಯ ಪಟ್ಟಿ ತೆಗೆದರು. ಎರಡನೆಯ ವಿಳಾಸ ಸೇತುವೆಯ ಆಚೆಗಿತ್ತು. ನನ್ನ ತಂಗಿ ಎಂದು ಇನ್ನೂ ಮೂವತ್ತು ಸಲ ಹೇಳಬೇಕಾಗಿತ್ತು. ಅವರು ಪೆಟ್ಟಿಗೆಯನ್ನು ಕಂಕುಳಲ್ಲಿಟ್ಟುಕೊಂಡು ಅತ್ತ ನಡೆದರು.